ಏಳು ಚುಕ್ಕಿ

ಕಾರವಾರ, ಕೋಡಿಬಾಗ.
ಚೈತ್ರ ಮುಗಿಯಲು ಮೂರು ದಿನ.

ಸಂಪಾದಕ ಮಹಾಶಯರಿಗೆ ಶಾಂತೇರಿಯ ನಮಸ್ಕಾರ.
ಅಂಕ ತಲುಪಿತು. ಹೆಸರಿನ ಹಿಂದೆ ‘ಸೌ.’ ಸೇರಿಸಿದ್ದೀರಿ,
ಇರಲಿ, ಒಂದಕ್ಷರಕ್ಕೆ ಜಗಳವಿಲ್ಲ.

ಆದರೆ ನನ್ನ ಚಂಪೂವನ್ನು ಕೊನೆಯ ಸಾಲಿನಲ್ಲಿ
ಬಾವಿಗೆ ನೂಕಿದ್ದೀರಿ.
ಯಾವ ಬಾವಿ, ಸ್ವಾಮಿ?
ನಮ್ಮ ಕೇರಿಯದು ಈ ತಿಂಗಳು ಮೊಣಕಾಲುದ್ದ.
ಕೊಡ ಮುಳುಗುವುದಿಲ್ಲ, ಓರೆ ಮಾಡಿ ಹಿಡಿದು
ತಂಬಿಗೆಯಲ್ಲಿ ತುಂಬುತ್ತೇವೆ,
ಅದೂ ಉಪ್ಪು.
ಇಲ್ಲಿ ಹೆಂಗಸು ಮುಳುಗಿ ಸಾಯಬೇಕಾದರೆ
ಇನ್ನೆರಡು ತಿಂಗಳು ಕಾಯಬೇಕು,
ಅಷ್ಟರಲ್ಲಿ ಹಪ್ಪಳ, ಉಪ್ಪಿನಕಾಯಿ, ಸೌದೆ,
ಮಳೆಗಾಲದ ಕೆಲಸವೆಲ್ಲ ಮೈಮೇಲೆ ಬಿದ್ದಿರುತ್ತದೆ.

ಅವಳು ಮಾಡಿದ್ದಾದರೂ ಏನು?
ಗಂಡ ತಾಂಡೇಲ. ಮಚವೆ ಹತ್ತಿ
ಮುಂಬಯಿಗೆ, ಅಲ್ಲಿಂದ ಮಸ್ಕತ್ತಿಗೆ, ಎಂಟು ತಿಂಗಳು.
ಬಂದ ರಾತ್ರಿ, ಎಲ್ಲ ಬೇಗ ಮುಗಿದು
ಅವನು ಬೀಡಿಗೆಂದು ಎದ್ದಾಗ
ಅವಳು ಒಂದು ಮಾತು ಆಡಿದಳು.
ಕಟ್ಟಿಕೊಂಡವನಿಗೇ.
ಅಂಗಳದ ನಾಯಿಗೂ ಕೇಳದ ಹಾಗೆ.
ಆ ಮಾತು ತೆಗೆದು ಏಳು ಚುಕ್ಕಿ ಇಟ್ಟಿದ್ದೀರಿ.

‘ಇದು ಗೃಹಿಣಿಯರು ಓದುವ ಪತ್ರಿಕೆ’ ಎಂದು ಬರೆದಿರಿ.
ಓದಿದರು.
ಒಂದೇ ಪ್ರತಿ ಹನ್ನೊಂದು ಮನೆ ಸುತ್ತಿ ಬಂತು,
ಅರಿಸಿನದ ಹೆಬ್ಬೆರಳು, ಬಂಗಡೆಯ ವಾಸನೆ,
ಯಾರೋ ನಡುವೆ ಒಣ ಸುರಗಿ ಇಟ್ಟು ಮರೆತಿದ್ದರು.
ಬಾವಿಯನ್ನು ಯಾರೂ ನಂಬಲಿಲ್ಲ.
ಎಲ್ಲರೂ ಕೇಳಿದ್ದು ಚುಕ್ಕಿಯದೇ.

ಸದಾಶಿವಗಡದ ತಾರಿಯಲ್ಲಿ ಗಿರಿಜಕ್ಕ
ಕಿವಿಗೆ ಬಾಯಿಟ್ಟು ‘ಹೀಗೆ ಅಂದಿರಬೇಕು, ನೋಡು’ ಎಂದಳು.
ಆರು ಮಕ್ಕಳ ತಾಯಿ. ಹೇಳಿದ ಮೇಲೆ
ನದಿಯ ಕಡೆ ತಿರುಗಿ ಕೂತವಳು
ದಡ ಬರುವ ತನಕ ಮುಖ ಕೊಡಲಿಲ್ಲ.
ನಮ್ಮ ಸೋದರತ್ತೆ, ಹದಿಮೂರಕ್ಕೆ ತಲೆ ಬೋಳಿಸಿದವರು,
ಅಕ್ಕಿ ಆರಿಸುತ್ತ, ಮೊರದಿಂದ ಕಣ್ಣೆತ್ತದೆ
ಒಂದು ಮಾತು ಹೇಳಿದರು.
ಅದನ್ನು ಈ ಕಾಗದದಲ್ಲಿ ಬರೆಯಲಾರೆ.
ಎಲ್ಲಿ ಸಿಕ್ಕಿತು ಅದು ಅವರಿಗೆ,
ಅರುವತ್ತು ವರ್ಷ ಯಾವ ಭರಣಿಯಲ್ಲಿಟ್ಟಿದ್ದರು
ಎಂದು ಇನ್ನೂ ಯೋಚಿಸುತ್ತಿದ್ದೇನೆ.
ಐದು ವರ್ಷಕ್ಕೇ ಅಂಗಳದಲ್ಲಿ ಕೂತು ಕಲಿತವರು ನಾವು,
ಚುಕ್ಕಿ ಕಂಡರೆ ಕೈ ಸುಮ್ಮನಿರುವುದಿಲ್ಲ.

ನಿಜ ಹೇಳಿಬಿಡುತ್ತೇನೆ,
ನನ್ನ ವಾಕ್ಯಕ್ಕೆ ಅವರಷ್ಟು ಧೈರ್ಯವಿರಲಿಲ್ಲ.
ಬಂದರು ಕಚೇರಿಯ ರದ್ದಿ ಹಾಳೆಯ ಬೆನ್ನಿಗೆ
ಗಂಜಿ ಕುದಿಯುವಷ್ಟರಲ್ಲಿ ಬರೆದದ್ದು:
‘ಇನ್ನೂ ಸ್ವಲ್ಪ ಹೊತ್ತಿರು.’
ಅಷ್ಟೇ.
ನಿಮ್ಮ ಮೊಳೆ ಜೋಡಿಸುವ ಹುಡುಗ ಪ್ರಾಮಾಣಿಕ,
ಏಳಕ್ಷರಕ್ಕೆ ಏಳೇ ಚುಕ್ಕಿ ಕೊಟ್ಟಿದ್ದಾನೆ.

ತಾವು ವ್ಯಾಕರಣ ಬಲ್ಲವರು.
ಹೊತ್ತು, ಇರು ಎಂದು ಬಿಡಿಸಿದರೆ ಹೆಂಡತಿಯ ಮಾತು.
ಹೊತ್ತಿ, ಇರು ಎಂದೂ ಬಿಡಿಸಬಹುದು.
ಎರಡೂ ಲೋಪಸಂಧಿಯೇ.
ಯಾವುದನ್ನು ಓದಿ ಹೆದರಿದಿರಿ?

ನನ್ನದೇನು ಎಂದು ಕೇಳುತ್ತೀರಿ.
ಈ ಮನೆಯಲ್ಲಿ ದೀಪ ಆರಿಸುವವಳು ನಾನು.
ಆರಿಸಿದ ಮೇಲೂ ದೇವಗಡ ಗುಡ್ಡದ ದೀಪಸ್ತಂಭದ ಬೆಳಕು
ಕಿಟಕಿಯಿಂದ ಗೋಡೆಗೆ ಬಂದು ಹೋಗುತ್ತದೆ.
ಬಂದಾಗ ಯಜಮಾನರ ಬೆನ್ನು ಕಾಣುತ್ತದೆ,
ಬೆನ್ನಿನ ಮೇಲೆ ಚಾಪೆಯ ಅಚ್ಚು.
ಹೋದಾಗ ಕಥೆ ಕಟ್ಟುತ್ತೇನೆ.
ಕೈ ಚಾಚಿದರೆ ಸಿಗುವಷ್ಟು ದೂರ, ಚಾಚಿಲ್ಲ.
ಚಂಪೂ ಚಾಚಿದಳು, ಅದಕ್ಕೇ ಅವಳ ಮೇಲೆ
ಇಷ್ಟು ಹೊಟ್ಟೆಕಿಚ್ಚು, ಇಷ್ಟು ಪ್ರೀತಿ.

ಗೌರವಧನದ ಮನಿಯಾರ್ಡರು ಅವರ ಹೆಸರಿಗೆ ಬಂತು.
ಸಹಿ ಹಾಕಿ, ಎಂಟಾಣೆ ಎಣಿಸಿ,
‘ಏನು ಬರೆದಿದ್ದೆ?’ ಎಂದರು.
‘ಬಾವಿಗೆ ಬಿದ್ದ ಹೆಂಗಸಿನ ಕಥೆ’ ಎಂದೆ.
‘ಒಳ್ಳೇದು’ ಎಂದು ಕೋಟು ತೊಟ್ಟು ಹೊರಟರು.

ಇನ್ನೊಂದು ಕಥೆ ಜೊತೆಗಿಟ್ಟಿದ್ದೇನೆ.
ಇದರಲ್ಲೂ ಚಂಪೂ ಇದ್ದಾಳೆ, ಮೊದಲ ಸಾಲಿನಲ್ಲೇ,
ಬಾವಿಯಿಂದ ಹತ್ತಿ ಬರುತ್ತಿದ್ದಾಳೆ.
ಸೀರೆ ಮೊಣಕಾಲ ತನಕ ಮಾತ್ರ ಒದ್ದೆ.